ಗಂಜಿನ ತಕ್ಕಡಿ, ಗಾಂಜಾದ ತಕ್ಕಡಿ

ಕಲಬುರಗಿಯ ಜನ ‘ಗಂಜಿಗೆ ಹೋಗಿ ಬರ್ತೀನ್ರಿ’ ಎಂದರೆ ಅದು ನೆಹರು ಗಂಜೇ. ತೊಗರಿಯ ರಾಶಿ, ಅಡತಿ ಅಂಗಡಿಯ ಗಾದಿ, ಹಮಾಲರ ಬೆನ್ನಿನ ಚೀಲ, ಲಿಲಾವಿನ ಕೂಗು, ಇವೆಲ್ಲ ಆ ಒಂದು ಮಾತಿನಲ್ಲಿ ಅಡಕವಾಗಿವೆ. ಗಂಜ್ ಎಂಬುದು ಪಾರಸಿಯ ಮಾತು. ಭಂಡಾರ, ದಾಸ್ತಾನು, ಪೇಟೆ ಎಂದೆಲ್ಲ ಅದರ ಅರ್ಥ. ಗಾಂಜಾ ಎಂಬುದಾದರೋ ಸಂಸ್ಕೃತದ ‘ಗಂಜಾ’ದಿಂದ ಇಳಿದು ಬಂದದ್ದು. ಇವೆರಡಕ್ಕೂ ಕಿವಿಯ ನಂಟೇ ಹೊರತು ಕುಲದ ನಂಟಿಲ್ಲ. ಶಬ್ದಗಳ ಕುಲಗೋತ್ರ ವಿಚಾರಿಸುವುದು ನನ್ನಂಥ ಕನ್ನಡ ಅಧ್ಯಾಪಕರ ಚಾಳಿ. ಆದರೆ ನಿಘಂಟಿನಲ್ಲಿ ಕಾಣದ ನಂಟೊಂದು ಇತಿಹಾಸದಲ್ಲಿ ಕಾಣುತ್ತದೆ. ಒಂದು ಕಾಲಕ್ಕೆ ತೊಗರಿಯಂತೆ ಗಾಂಜಾ ಕೂಡ ಸರ್ಕಾರದ ಕಣ್ಣೆದುರಿಗೇ, ಸರ್ಕಾರದ ಕಾಯಿದೆಯಂತೆಯೇ ತಕ್ಕಡಿಯನ್ನೇರುತ್ತಿತ್ತು.

ಈ ಹಳೆಯ ಸಂಗತಿಯನ್ನು ಈಗ ಕೆದಕುವುದಕ್ಕೆ ಕಾರಣವಿಲ್ಲದಿಲ್ಲ. ನನ್ನ ತರಗತಿಯಲ್ಲಿ ಕೂಡುವ ಹುಡುಗರಲ್ಲಿ ರೈತರ ಮಕ್ಕಳೇ ಹೆಚ್ಚು. ‘ಸರ್, ಕೆನಡಾದಾಗ ಅಂಗಡ್ಯಾಗ ಮಾರ್ತಾರಂತ್ರಿ, ನಮ್ ಹೊಲದಾಗ ಒಂದ್ ಗಿಡ ಇದ್ರ ಜೇಲ್ ಯಾಕ್ರಿ?’ ಎಂದು ಈಚೆಗೆ ಅವರು ಕೇಳುತ್ತಾರೆ. ತೊಗರಿ ಬಿತ್ತುವ ಕಡೆ ಗಾಂಜಾ ಬಿತ್ತಿದರೆ ಬಡತನ ಹರಿದೀತೆಂಬ ಆಸೆಯೂ ಆ ಪ್ರಶ್ನೆಯ ಹಿಂದೆ ಉಂಟು. ಬೈದು ಬಾಯಿ ಮುಚ್ಚಿಸುವುದು ಸುಲಭ. ಇತಿಹಾಸವನ್ನು ಹೇಳಿ ಉತ್ತರ ಕೊಡುವುದು ಮೇಲೆಂದು ನನ್ನ ಭಾವನೆ.

ಮೊದಲು ಗಿಡದ ಪರಿಚಯ. ಗಿಡ ಒಂದೇ, ಸರಕು ಮೂರು. ಎಲೆಯನ್ನು ಅರೆದು ಕುಡಿಯುವುದು ಭಂಗಿ. ಹೆಣ್ಣು ಗಿಡದ ಹೂದೆನೆಯನ್ನು ಒಣಗಿಸಿ ಚಿಲುಮೆಯಲ್ಲಿ ಸೇದುವುದು ಗಾಂಜಾ. ಗಿಡದ ಅಂಟನ್ನು ತೆಗೆದು ಉಂಡೆ ಕಟ್ಟಿದ್ದು ಚರಸ್. ಅಥರ್ವವೇದದಲ್ಲಿಯೇ ‘ಭಂಗ’ದ ಹೆಸರುಂಟು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಭಂಗಿಗೆಂದೇ ಒಂದು ಸಂವಾದವನ್ನು ಮೀಸಲಿಟ್ಟಿದ್ದಾನೆ. ಅಷ್ಟು ದೂರವೇಕೆ, ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ, ಹಿಂದೂ-ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಜಾತ್ರೆಯಲ್ಲಿ, ಭಕ್ತರು ಇದನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಯಾದಗಿರಿ ಬೇರೆ ಜಿಲ್ಲೆಯಾಗುವ ಮುನ್ನ ತಿಂಥಣಿ ನಮ್ಮ ಜಿಲ್ಲೆಯದೇ ಊರು.

ಈ ಗಿಡದಿಂದ ಆದಾಯ ಹುಟ್ಟಿಸುವ ಕಲೆ ಮಾತ್ರ ದೊರೆತನಗಳದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸೇಂದಿ, ಸಾರಾಯಿಗಳಂತೆ ಮಾದಕ ಸೊಪ್ಪುಗಳೂ ಆಬಕಾರಿಯ ಆಡಳಿತಕ್ಕೆ ಸೇರಿದ್ದವು. 1316 ಫಸಲಿಯ ಹೈದರಾಬಾದ್ ಆಬಕಾರಿ ಕಾಯಿದೆ ಇದಕ್ಕೆ ಆಧಾರ. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ; ಎಂದರೆ ಅದು 1906-07ರ ಸುಮಾರಿನ ಕಾಯಿದೆ. ಮಾರುವ ಹಕ್ಕನ್ನು ಗುತ್ತಿಗೆ ಕೊಡುವುದು ಆಬಕಾರಿಯ ವಾಡಿಕೆ. ಆ ವಾಡಿಕೆ ಎಷ್ಟು ಬೇರೂರಿತೆಂದರೆ ‘ಗುತ್ತೇದಾರ’ ಎಂಬ ಮಾತು ನಮ್ಮ ಭಾಗದಲ್ಲಿ ಮನೆತನದ ಹೆಸರೇ ಆಗಿ ನಿಂತಿತು. ಸರ್ಕಾರಕ್ಕೆ ಸುಂಕ, ಗುತ್ತೇದಾರನಿಗೆ ಲಾಭ. ಬೆಳೆದವನಿಗೆ ಏನು ಎಂಬ ಪ್ರಶ್ನೆ ಆಬಕಾರಿಯ ದಫ್ತರಕ್ಕೆ ಸೇರಿದ್ದಲ್ಲ.

ಇಂಗ್ಲಿಷರ ಸೀಮೆಯಲ್ಲೂ ಕಥೆ ಇದೇ. ಆದರೆ ಅಲ್ಲಿ ಈ ವ್ಯಾಪಾರ ಸರಿಯೋ ತಪ್ಪೋ ಎಂಬ ಚರ್ಚೆ ಎದ್ದಿತು. 1893ರಲ್ಲಿ ಪಾನನಿರೋಧವಾದಿ ವಿಲಿಯಂ ಕೇನ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎತ್ತಿದ್ದರಿಂದ ‘ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್’ ನೇಮಕವಾಯಿತು. ಡಬ್ಲ್ಯೂ. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ. ಭಾರತೀಯರು ಮೂವರು ಸದಸ್ಯರಾಗಿದ್ದರು. 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ವರದಿ ಕೊಟ್ಟರು. ಅದರಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸುವುದು ಹುಚ್ಚಾಸ್ಪತ್ರೆಗಳ ವಿಚಾರ. ಗಾಂಜಾ ಸೇದಿದವರು ಹುಚ್ಚರಾಗುತ್ತಾರೆಂದು ಆಸ್ಪತ್ರೆಯ ಲೆಕ್ಕಗಳು ವರ್ಷವರ್ಷವೂ ಹೇಳುತ್ತಿದ್ದವು. ಕಮಿಷನ್ ಆ ಲೆಕ್ಕದ ಬುಡಕ್ಕೇ ಕೈಹಾಕಿತು. ರೋಗಿಯನ್ನು ಕರೆತಂದ ಪೊಲೀಸರ ಚೀಟಿಯಲ್ಲಿ ‘ಕಾರಣ’ ಎಂಬ ಕಲಮು ಇರುತ್ತಿತ್ತು. ಕಾರಣ ತಿಳಿಯದಿದ್ದಾಗ ಗಾಂಜಾ ಎಂದು ತುಂಬುವುದು ರೂಢಿಯಾಗಿತ್ತು! ಮರುವಿಚಾರಣೆಯಲ್ಲಿ ಅಂಥ ಪ್ರಕರಣಗಳಲ್ಲಿ ಬಹುಪಾಲು ನಿಲ್ಲಲಿಲ್ಲ. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದದ್ದು ಹಾನಿಕರ, ಪೂರ್ಣ ನಿಷೇಧ ಬೇಡ, ಸುಂಕ ಮತ್ತು ಲೈಸೆನ್ಸುಗಳಿಂದ ಹತೋಟಿಯಲ್ಲಿಡತಕ್ಕದ್ದು ಎಂದು ಕಮಿಷನ್ ತೀರ್ಮಾನಿಸಿತು. ವಿವೇಕದ ಮಾತು ನಿಜ. ಜೊತೆಗೆ ಬೊಕ್ಕಸಕ್ಕೆ ಅನುಕೂಲವಾದ ಮಾತೂ ಹೌದು.

ಕಮಿಷನ್ ಮೆಚ್ಚಿದ ಮಾದರಿ ಬಂಗಾಳದ್ದು. ಈಗ ಬಾಂಗ್ಲಾದೇಶಕ್ಕೆ ಸೇರಿದ ನೌಗಾಂವ್ ಸೀಮೆಯ ಸಣ್ಣ ಪ್ರದೇಶವೊಂದರಲ್ಲಿ ಮಾತ್ರ ಅಲ್ಲಿ ಗಾಂಜಾ ಬೆಳೆಯಲು ಅಪ್ಪಣೆ. ಬೆಳೆ ಬಲು ನಾಜೂಕಿನದು. ಹೊಲದಲ್ಲಿ ಗಂಡು ಗಿಡ ಉಳಿದರೆ ಹೆಣ್ಣು ಗಿಡ ಬೀಜ ಕಟ್ಟಿ ಸರಕು ಕೆಡುತ್ತದೆ. ಗಿಡ ಎಳೆಯದಿರುವಾಗಲೇ ಗಂಡು ಹೆಣ್ಣನ್ನು ಗುರುತಿಸಿ ಗಂಡನ್ನು ಕಿತ್ತೊಗೆಯುವುದಕ್ಕೆ ‘ಪೋದ್ದಾರ’ನೆಂಬ ಪರಿಣತನೇ ಇದ್ದ, ಇಂಗ್ಲಿಷ್ ಅಧಿಕಾರಿಗಳು ಅವನನ್ನು ಗಾಂಜಾ ಡಾಕ್ಟರ್ ಎಂದು ಕರೆದರು. ಕೊಯ್ದ ಮೇಲೆ ಕಾಲಿನಿಂದ ತುಳಿದು ಚಪ್ಪಟೆ ಗಾಂಜಾ, ಉರುಳಿಸಿ ದುಂಡು ಗಾಂಜಾ, ಉದುರಿದ್ದು ಚೂರು ಎಂದು ತರಗತಿ. ಇಷ್ಟೆಲ್ಲ ಶ್ರಮ ಬೆಳೆಗಾರನದು. ಬೆಲೆ ಕಟ್ಟುವವನು ದಲಾಲಿ.

1917ರಲ್ಲಿ ಅಲ್ಲಿ ಒಂದು ಹೊಸ ಸಂಗತಿ ನಡೆಯಿತು. ಬೆಳೆಗಾರರೆಲ್ಲ ಸೇರಿ ‘ನೌಗಾಂವ್ ಗಾಂಜಾ ಬೆಳೆಗಾರರ ಸಹಕಾರ ಸಂಘ’ ಕಟ್ಟಿಕೊಂಡರು. ಸದಸ್ಯರ ಬೆಳೆಯನ್ನು ಸಂಘವೇ ಕೊಂಡು, ಸ್ವಂತ ಗೋದಾಮಿನಲ್ಲಿಟ್ಟು, ಮಾರಾಟ ಮಾಡತೊಡಗಿತು. ಲಾಭದಲ್ಲಿ ಶಾಲೆ, ದವಾಖಾನೆ, ರಸ್ತೆಗಳಾದವು. 1987ರಲ್ಲಿ ಬಾಂಗ್ಲಾದೇಶ ಸರ್ಕಾರ ಬೇಸಾಯ ನಿಲ್ಲಿಸುವವರೆಗೂ ಅಲ್ಲಿ ಗಾಂಜಾ ನಡೆಯಿತು. ಸರಕಿನ ಗುಣದೋಷ ಹೇಗೇ ಇರಲಿ, ತಕ್ಕಡಿ ಬೆಳೆಗಾರನ ಕೈಗೆ ಬಂದಾಗ ಹಣ ಊರಿನಲ್ಲಿ ಉಳಿಯಿತೆಂಬುದು ಗಮನಿಸತಕ್ಕ ವಿಷಯ.

ನಮ್ಮ ಗಂಜುಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಪೇಟೆಯಲ್ಲಿ ರೈತನಿಗೆ ತೂಕದಲ್ಲೂ ಕಡಿತದಲ್ಲೂ ಆಗುವ ಮೋಸವನ್ನು 1928ರ ರಾಯಲ್ ಕೃಷಿ ಕಮಿಷನ್ ವಿವರವಾಗಿ ಬರೆಯಿತು. ಅದರ ಬೆನ್ನಿಗೇ 1339 ಫಸಲಿಯಲ್ಲಿ, ಎಂದರೆ 1930ರ ಸುಮಾರಿಗೆ, ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯಿದೆ ಬಂದಿತು. ತೊಗರಿಯ ತಕ್ಕಡಿಯ ಮೇಲೆ ರೈತನ ಪರವಾಗಿ ಒಂದು ಕಣ್ಣಿರಬೇಕೆಂದು ಸಂಸ್ಥಾನ ಒಪ್ಪಿತು. ಗಾಂಜಾದ ತಕ್ಕಡಿಯ ಮೇಲಿದ್ದದ್ದು ಆಬಕಾರಿಯ ಕಣ್ಣು. ಅದು ನೋಡುತ್ತಿದ್ದುದು ಸುಂಕವನ್ನು.

ಆ ಅಂಗಡಿ ಮುಚ್ಚಿದ್ದು ಒಂದೇ ದಿನದಲ್ಲಿ ಅಲ್ಲ. 1925ರ ಜಿನೀವಾ ಸಮ್ಮೇಳನದಲ್ಲಿ ಈಜಿಪ್ಟಿನ ಒತ್ತಾಯದಿಂದ ಗಾಂಜಾ ಅಂತರರಾಷ್ಟ್ರೀಯ ಒಪ್ಪಂದದೊಳಗೆ ಸೇರಿತು. 1961ರ ಒಪ್ಪಂದ ವೈದ್ಯಕೀಯವಲ್ಲದ ಬಳಕೆಯನ್ನು ನಿಲ್ಲಿಸಲು 25 ವರ್ಷದ ವಾಯಿದೆ ಕೊಟ್ಟಿತು. ಬರಿಯ ಎಲೆಯನ್ನು ಹೊರಗಿಟ್ಟಿತು. 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತ್ತು. 1965ರ ಅಬಕಾರಿ ಕಾಯಿದೆ ನಿಜಾಮರ ಹಳೆಯ ಕಾಯಿದೆಯ ಜಾಗಕ್ಕೆ ಬಂದಿತು. ಕಡೆಗೆ 1985ರಲ್ಲಿ ಕೇಂದ್ರದ ಮಾದಕ ವಸ್ತುಗಳ ಕಾಯಿದೆ ಗಾಂಜಾ, ಚರಸ್‌ಗಳಿಗೆ ಬಾಗಿಲು ಹಾಕಿತು. ಅಪ್ಪಣೆಯಿಲ್ಲದೆ ಗಿಡ ಬೆಳೆದವನಿಗೆ 10 ವರ್ಷದವರೆಗೂ ಸೆರೆವಾಸ. ಎಲೆ ಮಾತ್ರ ಈಗಲೂ ಹೊರಗೇ ಇದೆ. ಭಂಗಿ ಈ ಕಾಯಿದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ನಮ್ಮ ಹೈಕೋರ್ಟು 2022ರಲ್ಲಿ ಒಂದು ಜಾಮೀನಿನ ಪ್ರಕರಣದಲ್ಲಿ ಹೇಳಿತು.

ಆದರೆ ಅದೇ ಕಾಯಿದೆಯಲ್ಲಿ ಒಂದು ಕಿಟಕಿಯೂ ಉಂಟು. ನಾರು, ಬೀಜಗಳಿಗಾಗಿ ಬೆಳೆಯಲು ಸರ್ಕಾರ ಅಪ್ಪಣೆ ಕೊಡಬಹುದು. ಉತ್ತರಾಖಂಡ 2018ರಲ್ಲಿ ಈ ಕಿಟಕಿಯನ್ನು ತೆರೆಯಿತು. ಗಿಡದಲ್ಲಿ ಮತ್ತಿನ ಸತ್ತ್ವ ಶೇಕಡ 0.3ನ್ನು ಮೀರಕೂಡದೆಂಬುದು ಕರಾರು. 2020ರ ಡಿಸೆಂಬರಿನಲ್ಲಿ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯಲು ವಿಶ್ವಸಂಸ್ಥೆಯ ಆಯೋಗ 27ಕ್ಕೆ 25 ಮತಗಳಿಂದ ಒಪ್ಪಿದಾಗ ಭಾರತ ಪರವಾಗಿ ಮತ ಹಾಕಿತು. 2021ರಲ್ಲಿ ಬೀಜ, ಬೀಜದ ಎಣ್ಣೆ, ಹಿಟ್ಟುಗಳಿಗೆ ಆಹಾರವೆಂಬ ಮನ್ನಣೆ ದೊರೆಯಿತು. 2024ರಲ್ಲಿ ಹಿಮಾಚಲದ ವಿಧಾನಸಭೆ ಔಷಧ ಮತ್ತು ಕೈಗಾರಿಕೆಯ ಬೇಸಾಯಕ್ಕೆ ಒಪ್ಪಿಗೆಯ ನಿರ್ಣಯ ಮಾಡಿತು. ನಾರು, ಬಟ್ಟೆ, ಕಾಗದ, ಎಣ್ಣೆ, ಔಷಧ ಎಂದು ವ್ಯಾಪಾರದ ಪಟ್ಟಿ ಉದ್ದವಾಗಿಯೇ ಇದೆ.

ಈ ಪಟ್ಟಿಯನ್ನು ನೋಡಿ ಹಿಗ್ಗುವ ಮುಂಚೆ ಪರದೇಶದ ಅನುಭವವನ್ನೂ ನೋಡಬೇಕು. ಕೆನಡಾ 2018ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಒಪ್ಪಿತು. ಮುಗಿಲಿಗೇರಿದ್ದ ಕಂಪನಿಗಳ ಷೇರುಗಳು ಕೆಲವೇ ವರ್ಷಗಳಲ್ಲಿ ನೆಲ ಕಂಡವು. ಅಮೆರಿಕದಲ್ಲಿ ಅದೇ ವರ್ಷ ಮತ್ತಿಲ್ಲದ ಗಿಡದ ಬೇಸಾಯಕ್ಕೆ ಸ್ವಾತಂತ್ರ್ಯ ಸಿಕ್ಕಿತು. ರೈತರು ಮುಗಿಬಿದ್ದು ಬಿತ್ತಿದರು, ಕೊಳ್ಳುವವರಿಲ್ಲದೆ ಬೆಲೆ ಕುಸಿಯಿತು. ಥಾಯ್ಲೆಂಡ್ 2022ರಲ್ಲಿ ಬಾಗಿಲು ತೆರೆದು, 2025ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದಿತು. ಹರೆಯದ ಮಕ್ಕಳ ಮನಸ್ಸಿಗೆ ಇದರ ಅತಿ ಬಳಕೆ ಹಾನಿಯೆಂಬುದನ್ನು ಇಂದಿನ ವೈದ್ಯರು ಹೇಳುತ್ತಲೇ ಇದ್ದಾರೆ. ಅಧ್ಯಾಪಕನಾಗಿ ಅದನ್ನು ಮರೆಯಲಾರೆ.

ನಮ್ಮ ಜಿಲ್ಲೆಯ ಮಾತಿಗೆ ಬರೋಣ. ನಾರಿನ ಗಿಡ ನಮಗೆ ಹೊಸದೇನಲ್ಲ. ಜೋಳ, ತೊಗರಿಗಳ ಜೊತೆ ಸಾಲು ಹಿಡಿದು ಬೆಳೆಯುತ್ತಿದ್ದ ಪುಂಡಿಗೆ ಇಂಗ್ಲಿಷಿನಲ್ಲಿ ‘ಡೆಕ್ಕನ್ ಹೆಂಪ್’ ಎಂದು ಹೆಸರು; ಎಲೆ ಗಾಂಜಾದ ಎಲೆಯನ್ನು ಹೋಲುವುದರಿಂದ ಸಸ್ಯಶಾಸ್ತ್ರದ ಹೆಸರಿನಲ್ಲೂ ‘ಕ್ಯಾನಬಿನಸ್’ ಎಂಬ ಮಾತು ಸೇರಿದೆ. ಸೊಪ್ಪು ಪಲ್ಯಕ್ಕೆ, ನಾರು ಹಗ್ಗಕ್ಕೆ. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ನಾರು ಹೋಯಿತು, ಪಲ್ಯ ಉಳಿಯಿತು. ಮತ್ತು, ಮಾನದಂಡ, ಅಪ್ಪಣೆ ಯಾವುದರ ಕಾಟವೂ ಇಲ್ಲದ ನಾರಿಗೇ ಗಿರಣಿಯಿಲ್ಲದೆ ಗತಿಯಿಲ್ಲವಾದಾಗ, ಬಿಸಿಲಿನಲ್ಲಿ ಸತ್ತ್ವ 0.3ನ್ನು ದಾಟಿತೋ ಎಂದು ದಿನವೂ ಹೆದರಬೇಕಾದ ಗಿಡದ ಗತಿಯೇನು? ಇನ್ನು ಬೆಲೆಯ ಮಾತು. ಕಾನೂನು ಒಪ್ಪಿದ, ನಾಡೆಲ್ಲ ಉಣ್ಣುವ ತೊಗರಿಯೇ 2016-17ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದಾಗ ಅದಕ್ಕಿಂತ ಕೆಳಗೆ ಬಿದ್ದಿತು. ಕಲಬುರಗಿಯ ತೊಗರಿಗೂ ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಗುರುತಿನ ಮುದ್ರೆಯುಂಟು; ಮುದ್ರೆಯಷ್ಟರಿಂದಲೇ ಬೆಳೆದವನ ಕಿಸೆ ತುಂಬಲಿಲ್ಲ.

ಇತ್ತ ಕಳ್ಳ ವ್ಯಾಪಾರವೂ ನಿಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ನಮ್ಮ ಕಾಳಗಿ ತಾಲ್ಲೂಕಿನ ಕುರಿದೊಡ್ಡಿಯೊಂದರಲ್ಲಿ ಬೆಂಗಳೂರಿನ ಪೊಲೀಸರು 1,300 ಕಿಲೋಗೂ ಮಿಕ್ಕ ಗಾಂಜಾ ಹಿಡಿದರು. ಅದು ಒಡಿಶಾದಿಂದ ಬಂದ ಸರಕು. ತೊಗರಿ, ಕಬ್ಬಿನ ನಡುವೆ ನಾಲ್ಕು ಗಿಡ ಹಾಕಿ ಸಿಕ್ಕಿಬಿದ್ದ ರೈತನ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಆ ನಾಲ್ಕು ಗಿಡಕ್ಕೆ ಮುಂಗಡ ಕೊಟ್ಟವನ ಸುದ್ದಿ ಅಷ್ಟಾಗಿ ಬರುವುದಿಲ್ಲ. ಗುತ್ತೇದಾರನ ಕಾಲದಲ್ಲಿ ರೈತನಿಗೆ ಅಲ್ಪಭಾಗ, ಕಳ್ಳನ ಕಾಲದಲ್ಲಿ ಪೂರ್ಣ ಶಿಕ್ಷೆ.

ಆದ್ದರಿಂದ ಹುಡುಗರ ಪ್ರಶ್ನೆಗೆ ನನ್ನ ಉತ್ತರ ಇದು. ಕಾನೂನು ಸಡಿಲವಾಗುವುದು, ಬಿಗಿಯಾಗುವುದು ಕಾಲಕಾಲದ ಸಂಗತಿ. ನಾಳೆ ಕರ್ನಾಟಕವೂ ನಾರಿಗೋ ಔಷಧಕ್ಕೋ ಈ ಗಿಡವನ್ನು ಒಪ್ಪಿದರೆ ಆಶ್ಚರ್ಯವಿಲ್ಲ. ಆ ದಿನ ಬಂದಾಗ, ಎಕರೆಗೆ ಎಷ್ಟು ಲಕ್ಷ ಎಂದು ಮೊದಲು ಕೇಳಬೇಡಿ. ಬೀಜ ಯಾರದು, ಗಿರಣಿ ಎಲ್ಲಿ, ಲೈಸೆನ್ಸು ಯಾರ ಹೆಸರಿನಲ್ಲಿ, ಪರೀಕ್ಷೆಯಲ್ಲಿ ಬೆಳೆ ತಪ್ಪಿದರೆ ನಷ್ಟ ಯಾರಿಗೆ, ತಕ್ಕಡಿ ಯಾರ ಕೈಯಲ್ಲಿ ಎಂದು ಕೇಳಿ. ನೌಗಾಂವಿನ ಒಕ್ಕಲುಮಕ್ಕಳು 1917ರಲ್ಲಿ ಕೇಳಿದ್ದು ಇದನ್ನೇ. ಇದಕ್ಕೆ ಉತ್ತರ ಸಿಗುವ ತನಕ ತೊಗರಿಯೇ ಲೇಸು. ಬೆಲೆ ಬಿದ್ದ ವರ್ಷವೂ ಅದು ಮನೆಯ ಸಾರಿಗಾದರೂ ಆಗುತ್ತದೆ.