ತಡೆಯಿಲ್ಲದ ತಂತಿಗೂ ತಪ್ಪದ ನಷ್ಟ

ದೇವಾಪುರದ ಹೊಲಗಳ ಕಡೆ ರಾತ್ರಿ ಹೋದವರಿಗೆ ಟಿಸಿಯ ಗುಂಯ್ ಎನ್ನುವ ಸದ್ದು ಗೊತ್ತಿರುತ್ತದೆ. ಲೈನಿನಲ್ಲಿ ಕರೆಂಟ್ ಇದ್ದರೆ ಸಾಕು, ಒಂದು ಪಂಪ್‌ಸೆಟ್ಟೂ ಓಡದಿದ್ದರೂ ಅದು ಗುಂಯ್‌ಗುಡುತ್ತದೆ, ಒಳಗೆ ಬಿಸಿಯಾಗುತ್ತದೆ. ಯಾರೂ ಬಳಸದ ಕರೆಂಟ್ ಅಲ್ಲಿ ಖರ್ಚಾಗುತ್ತಿರುತ್ತದೆ. ಆ ನಷ್ಟದ ಲೆಕ್ಕ ಹಿಡಿಯಲು ಹೊರಟವರ ಕಥೆ ಇದು. ನಡುವೆ ನಮ್ಮ ಬೆಂಗಳೂರೂ ಬರುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟ್ ಹರಿಯಿತು. ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ ಕೈಹಾಕಿದ ಯೋಜನೆ. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. (ಆಗ ನಮ್ಮ ಸುರಪುರ ನಿಜಾಮರ ರಾಜ್ಯದಲ್ಲಿತ್ತು. ನಮ್ಮ ಮನೆಗಳಿಗೆ ಬೆಳಕು ಬರಲು ಎಷ್ಟು ವರ್ಷ ಹಿಡಿಯಿತು ಎಂಬುದು ಬೇರೆಯೇ ಕಥೆ.) ಅಷ್ಟು ದೂರದ ತಂತಿಯಲ್ಲಿ ನಷ್ಟ ಕಡಿಮೆಯಾಗಬೇಕಾದರೆ ವೋಲ್ಟೇಜ್ ಏರಿಸಬೇಕು. ಏರಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಅದರ ಹೊಟ್ಟೆಯಲ್ಲಿರುವುದು ಕಬ್ಬಿಣ.

ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದವರಿಗೆ ಗೊತ್ತು, ಮುರಿಯುವ ಹೊತ್ತಿಗೆ ಅದು ಬಿಸಿಯಾಗಿರುತ್ತದೆ. ಕಬ್ಬಿಣದೊಳಗಿನ ಅಯಸ್ಕಾಂತವನ್ನು ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹೀಗೆ ಆಚೆ ಈಚೆ ತಿರುಗಿಸುತ್ತದೆ. ಆ ಬಿಸಿಗೆ ಲೆಕ್ಕ ಕಟ್ಟಿಕೊಟ್ಟವನು ಸ್ಟೈನ್‌ಮೆಟ್ಜ್, 1892ರಲ್ಲಿ. ಮುಂದೆ ಅವನೂ ಜನರಲ್ ಎಲೆಕ್ಟ್ರಿಕ್ ಸೇರಿದ.

ತಂತಿಯ ನಷ್ಟಕ್ಕೆ ಬೇರೆ ಮದ್ದು ಹಾಲೆಂಡಿನಲ್ಲಿ ಕಂಡಿತು. 1911ರಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಮೈನಸ್ 269 ಡಿಗ್ರಿಯವರೆಗೆ ತಣಿಸಿದಾಗ ಅದರ ವಿದ್ಯುತ್ ತಡೆ ಮಾಯವಾಯಿತು. ಇದೇ ಅತಿವಾಹಕ, ಸೂಪರ್‌ಕಂಡಕ್ಟರ್. ಆದರೆ ಅಷ್ಟು ಚಳಿ ಕೊಡುವವರಾರು?

1986ರಲ್ಲಿ ಜ್ಯೂರಿಚ್‌ನ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡಿನಲ್ಲಿ ದಾರಿ ಕಂಡರು. ಅದೇ ಬಗೆಯ ಲ್ಯಾಂಥನಮ್-ತಾಮ್ರದ ಆಕ್ಸೈಡನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಗಂಗೂಲಿ ಮೊದಲೇ ಅಧ್ಯಯನ ಮಾಡಿದ್ದರು. ಅದರಲ್ಲಿ ಅತಿವಾಹಕತೆ ಹುಡುಕಿರಲಿಲ್ಲ, ಅಷ್ಟೇ. ಕೈತಪ್ಪಿದ್ದು ಎಷ್ಟು ಹತ್ತಿರದಲ್ಲಿ! 1987ರಲ್ಲಿ ಯಿಟ್ರಿಯಮ್-ಬೇರಿಯಮ್-ತಾಮ್ರದ ಆಕ್ಸೈಡ್ ಬಂದಾಗ ಜಗತ್ತಿನ ಓಟದಲ್ಲಿ ರಾವ್ ಅವರ ತಂಡವೂ ಇತ್ತು. ಇದಕ್ಕೆ ದ್ರವ ಸಾರಜನಕದ ಚಳಿ ಸಾಕು. ದನದ ಆಸ್ಪತ್ರೆಯಲ್ಲಿ ವೀರ್ಯದ ಕಡ್ಡಿ ಇಡುವ ಕ್ಯಾನಿನಲ್ಲಿರುತ್ತದಲ್ಲ, ಅದೇ.

ಹಾಗಾದರೆ ನಷ್ಟ ಸೊನ್ನೆಯೇ? ಬ್ಯಾಟರಿಯಂತೆ ಒಂದೇ ದಿಕ್ಕಿನ ಕರೆಂಟಿಗೆ ಹೆಚ್ಚುಕಡಿಮೆ ಹೌದು. ನಮ್ಮ ಲೈನಿನ ಕರೆಂಟಿಗೆ ಅಲ್ಲ. ಜನರಲ್ ಎಲೆಕ್ಟ್ರಿಕ್‌ನ ಬೀನ್ 1962ರಲ್ಲೇ ಕಾರಣ ಹೇಳಿದ್ದ. ಕಾಲುವೆ ನೀರು ಮಡಿಯ ಅಂಚಿನಿಂದ ತುಂಬುತ್ತಾ ನಡುವಿಗೆ ಹೋಗುವಂತೆ, ಕಾಂತಕ್ಷೇತ್ರ ಅತಿವಾಹಕದ ಅಂಚಿನಿಂದ ಒಳಗೆ ನುಗ್ಗುತ್ತದೆ. ದಿಕ್ಕು ಬದಲಾದಾಗಲೆಲ್ಲ ಹಳೆಯದನ್ನು ತಳ್ಳಿ ಹೊಸದು ನುಗ್ಗಬೇಕು. ಆ ತಿಕ್ಕಾಟದಲ್ಲಿ ಬಿಸಿ. 1970ರಲ್ಲಿ ನಾರಿಸ್ ತೆಳು ಪಟ್ಟಿಗೆ ಸೂತ್ರ ಕೊಟ್ಟ: ಪಟ್ಟಿ ತಾಳುವ ಮಿತಿಗಿಂತ ಕರೆಂಟ್ ಬಹಳ ಕಡಿಮೆ ಇದ್ದಾಗ, ಅದನ್ನು ಇನ್ನೂ ಅರ್ಧಕ್ಕಿಳಿಸಿದರೆ ನಷ್ಟ ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೊಸ ವಸ್ತು ಹೆಂಚಿನಂತೆ ಪೆಡಸು, ತಂತಿಯಾಗಿ ಎಳೆಯಲು ಬಾರದು. ಅದಕ್ಕೆ 1990ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ನಿಕ್ಕಲ್ ಪಟ್ಟಿಯ ಹರಳುಗಳನ್ನು ಒಂದೇ ಸಾಲಿಗೆ ತಂದು, ಅದರ ಮೇಲೆ ಕೂದಲಿಗಿಂತ ತೆಳುವಾದ ಅತಿವಾಹಕದ ಪದರ ಬೆಳೆಸಿದರು. ಆದರೆ ನಿಕ್ಕಲ್ಲಿಗೂ ಕಬ್ಬಿಣದ ಚಾಳಿ, ಅದೂ ಅಯಸ್ಕಾಂತಕ್ಕೆ ಕುಣಿಯುವ ಲೋಹ. ಕರೆಂಟ್ ಇಳಿಸಿದರೂ ನಷ್ಟ ನಾರಿಸ್ ಹೇಳಿದಷ್ಟು ಇಳಿಯಲಿಲ್ಲ. ಮಿಕ್ಕ ಬಿಸಿ ಅಡಿಪಟ್ಟಿಯದು, ಸ್ಟೈನ್‌ಮೆಟ್ಜ್ ಕಾಲದ ಹಳೆಯ ನಷ್ಟ. ಸಾಲದ್ದಕ್ಕೆ ಆ ಪಟ್ಟಿ ಕಾಂತಕ್ಷೇತ್ರವನ್ನು ತನ್ನತ್ತ ಸೆಳೆದು, ಮೇಲಿನ ಪದರದ ಅಂಚುಗಳ ಲೆಕ್ಕವನ್ನೂ ಕೆಡಿಸುತ್ತದೆ. ಎರಡನ್ನೂ ಬಿಡಿಬಿಡಿಯಾಗಿ ಎಣಿಸಿ ಕೂಡಿಸಿದರೆ ಸರಿಹೋಗದು. ಪಟ್ಟಿಯನ್ನು ಸಾವಿರಾರು ಚೂರುಗಳಾಗಿ ಭಾವಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪದ್ಧತಿ ಬಂದದ್ದು ಹೀಗೆ.

ಇಷ್ಟು ಸಣ್ಣ ನಷ್ಟಕ್ಕೆ ಅಷ್ಟು ತಲೆಬಿಸಿ ಯಾಕೆ? ಆ ಚಳಿಯೊಳಗೆ ಹುಟ್ಟಿದ 1 ವಾಟ್ ಬಿಸಿಯನ್ನು ಹೊರಹಾಕಲು ಹೊರಗೆ 10 ವಾಟ್‌ಗೂ ಹೆಚ್ಚು ಕರೆಂಟ್ ಸುಡಬೇಕು. ಉಳಿಸಿದ್ದೆಲ್ಲ ತಣಿಸಲಿಕ್ಕೇ ಹೋದೀತು.

ನಿಕ್ಕಲ್ಲಿಗೆ ಟಂಗ್‌ಸ್ಟನ್ ಬೆರೆಸಿದರೆ ಅಯಸ್ಕಾಂತದ ಗುಣ ತಗ್ಗುತ್ತದೆ. ಬಹಳ ಬೆರೆಸಿದರೆ ಹರಳುಗಳು ಸಾಲಿಗೆ ಬರುವುದಿಲ್ಲ. ಹಾಗಾಗಿ ಸುಮಾರು ನೂರಕ್ಕೆ 5 ಪಾಲಿನ ರಾಜಿ ರೂಢಿಗೆ ಬಂತು. ಇನ್ನು ಕೆಲವರು ಅಯಸ್ಕಾಂತಕ್ಕೆ ಜಗ್ಗದ ಹ್ಯಾಸ್ಟೆಲಾಯ್ ಎಂಬ ಮಿಶ್ರಲೋಹವನ್ನೇ ಅಡಿಪಟ್ಟಿಯಾಗಿ ಹಿಡಿದರು.