ಮೂಲೆಯಿಲ್ಲದ ಕಣಜ

ಹಸಿರು ಮೇವನ್ನು ಗಾಳಿಯಾಡದಂತೆ ಅದುಮಿಟ್ಟರೆ ಹುಳಿಯೇರಿ ರಸಮೇವಾಗುತ್ತದೆ. ಗಾಳಿ ಹೊಕ್ಕರೆ ತಿಪ್ಪೆಯ ಪಾಲು. ಫ್ರಾನ್ಸಿನ ಒಗ್ಯೂಸ್ತ್ ಗೊಫಾರ್ ಮೆಕ್ಕೆಜೋಳದ ಮೇವಿನಲ್ಲಿ ಕಂಡುಕೊಂಡದ್ದನ್ನು 1877ರಲ್ಲಿ ಪುಸ್ತಕವಾಗಿಸಿದರು. ಅದು ಇಂಗ್ಲಿಷಿಗೆ ಬಂದು ಅಮೆರಿಕವನ್ನೂ ತಲುಪಿತು. ಅಲ್ಲಿನ ರೈತರು ಕಟ್ಟಿದ ಚೌಕದ ಕಣಜಗಳಲ್ಲಿ ಮೇವು ಮೂಲೆಗಳಲ್ಲಿ ಕೊಳೆಯುತ್ತಿತ್ತು. ಅಲ್ಲಿ ಅದು ಬಿಗಿಯಾಗಿ ಕೂರದೆ ಗಾಳಿ ಉಳಿಯುತ್ತಿತ್ತು. ವಿಸ್ಕಾನ್ಸಿನ್‌ನ ಎಫ್. ಎಚ್. ಕಿಂಗ್ ಮೂಲೆಗಳನ್ನೇ ತೆಗೆದು, ದುಂಡನೆಯ ಕಣಜವನ್ನು ಬಳಕೆಗೆ ತಂದರು.

ಹಸುಗಳು ದೀರ್ಘ ಚಳಿಗಾಲವನ್ನು ಕೊಟ್ಟಿಗೆಯಲ್ಲೇ ಕಳೆಯುವ ಫಿನ್‌ಲ್ಯಾಂಡಿನಲ್ಲಿ ಎ. ಐ. ವಿರ್ಟಾನೆನ್, ಮೇವಿಗೆ ನೀರು ಬೆರೆಸಿದ ಆಮ್ಲ ಸೇರಿಸಿ ಪಿಎಚ್ 4ಕ್ಕಿಂತ ಕೆಳಗಿಳಿಸಿ ಕೊಳೆಯುವುದನ್ನು ತಡೆದರು. 1945ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು.

ನಮ್ಮಲ್ಲಿ ಬೇಸಿಗೆಗೆಂದು ಗುಂಡಿ ತುಂಬುವ ರೈತನಿಗೂ ಅದೇ ಪಾಠ: ಹೊದಿಕೆಯಲ್ಲಿ ಒಂದು ತೂತಿದ್ದರೂ ಸಾಕು, ಬೂಷ್ಟು ಅಲ್ಲಿಂದಲೇ ಶುರು.