ಹಸಿರು ಸಸಿ ಕಿತ್ತವರು

ಎಲೆ ಏಕೆ ಹಸಿರು ಎಂಬ ಪ್ರಶ್ನೆಗೆ ‘ಕ್ಲೋರೋಫಿಲ್ ಇರುವುದರಿಂದ’ ಎಂದು ಬರೆದು ನಾವೆಲ್ಲ ಅಂಕ ಗಿಟ್ಟಿಸಿದವರೇ. 1882ರಲ್ಲಿ ಜರ್ಮನ್ ವಿಜ್ಞಾನಿ ಥಿಯೋಡೋರ್ ಎಂಗೆಲ್ಮಾನ್ ಇನ್ನೂ ಸ್ವಾರಸ್ಯದ ಉತ್ತರ ಕೊಟ್ಟಿದ್ದ. ಬೆಳಕನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಸೂಕ್ಷ್ಮದರ್ಶಕದ ಕೆಳಗಿಟ್ಟ ಪಾಚಿಯ ಎಳೆಯೊಂದರ ಮೇಲೆ ಹಾಯಿಸಿದ. ಆಮ್ಲಜನಕವನ್ನು ಹುಡುಕಿಕೊಂಡು ಹೋಗುವ ಬ್ಯಾಕ್ಟೀರಿಯಾಗಳನ್ನು ಅದೇ ನೀರಿಗೆ ಬಿಟ್ಟ. ಕೆಂಪು, ನೀಲಿ ಬಿದ್ದ ಕಡೆ ಅವು ಮುತ್ತಿಕೊಂಡವು. ಹಸಿರು ಬಿದ್ದಲ್ಲಿ ಸುಳಿದವು ಕೆಲವೇ. ಅಂದರೆ ಗಿಡದ ಊಟ ಮುಖ್ಯವಾಗಿ ಕೆಂಪು ಮತ್ತು ನೀಲಿ. ನಮ್ಮ ಕಣ್ಣಿಗೆ ಬೀಳುವ ಹಸಿರು ಅದು ಉಣ್ಣದೆ ಉಳಿಸಿದ್ದು. ಪೂರ್ತಿ ಉಳಿಸಿದ್ದೇನಲ್ಲ; ಹಸಿರಿನಲ್ಲೂ ಬಹುಪಾಲನ್ನು ಎಲೆ ಹೀರುತ್ತದೆ, ಉಳಿದ ಬಣ್ಣಗಳಿಗಿಂತ ತುಸು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ, ಅಷ್ಟೆ.

ಈ ಬಣ್ಣವೇ ಪರಿಸರ ಚಳವಳಿಗಳ ಬಾವುಟವಾಯಿತು. 1980ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ‘ಹಸಿರು’ ಎಂಬ ಹೆಸರಿನ ರಾಜಕೀಯ ಪಕ್ಷವೇ ಹುಟ್ಟಿತು. ಅದೇ ದಶಕದಲ್ಲಿ ನಮ್ಮ ಪರಿಸರವಾದಿಗಳು ಹಸಿರು ಸಸಿಗಳನ್ನೇ ಕಿತ್ತರು.

1984ರಲ್ಲಿ ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆದು ಕಾರ್ಖಾನೆಗೆ ತಿರುಳು ಒದಗಿಸುವುದು ಯೋಜನೆ. ಸರ್ಕಾರದ ಕಡತದಲ್ಲಿ ಪಾಳು ಎನಿಸಿಕೊಂಡ ಆ ನೆಲದಲ್ಲೇ ಊರಿನ ದನ ಮೇಯುತ್ತಿದ್ದವು, ಒಲೆಗೆ ಪುಳ್ಳೆ ಸಿಗುತ್ತಿತ್ತು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿದರು. ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಲ್ಲಿ ನಡೆದ ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೋ-ಹಚ್ಚಿಕೋ’. ನೂರರಷ್ಟು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ದೂರದಿಂದ ನೋಡಿದವರಿಗೆ ಎರಡೂ ಹಸಿರೇ. ಆದರೆ ಒಂದು, ದನ ಮೂಸಿಯೂ ನೋಡದ ಹಸಿರು. 1991ರಲ್ಲಿ ಕಂಪನಿ ಮುಚ್ಚಿತು.

ನನಗೆ ಇಲ್ಲಿ ‘ಹಸಿ’ ಎಂಬ ಮಾತು ನೆನಪಾಗುತ್ತದೆ. ಹಸಿ ಸೌದೆ, ಹಸಿ ಗೋಡೆ, ಹಸಿ ಗಾಯ. ಹಸಿರು ಅದೇ ಬೇರಿನ ಪದ. ಕನ್ನಡದ ಹಸಿರಿಗೆ ಬಣ್ಣಕ್ಕಿಂತ ಮೊದಲೇ ತೇವ ಅಂಟಿಕೊಂಡಿದೆ. ನೀಲಗಿರಿ ನೆಲದ ತೇವ ಹೀರುತ್ತದೆ ಎಂದು ಆಗ ರೈತರು ಜಗಳಕ್ಕೆ ನಿಂತದ್ದೂ ಈ ತೇವದ ಪರವಾಗಿಯೇ.

ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹ ಚಿತ್ರಗಳನ್ನು ನೋಡಿ ದೇಶದ ಕಾಡನ್ನು ಲೆಕ್ಕ ಹಾಕಿದ ಮೊದಲ ವರದಿ ಬಂದದ್ದೂ 1987ರಲ್ಲೇ. ಈಗಿನ ಲೆಕ್ಕದಂತೆ ಕನಿಷ್ಠ 1 ಹೆಕ್ಟೇರ್ ಜಾಗದಲ್ಲಿ ಶೇ. 10ರಷ್ಟು ಮರಗಳ ನೆರಳು ಹರಡಿದ್ದರೆ ಸಾಕು, ಅದು ಅರಣ್ಯ ಹೊದಿಕೆ. ಮರ ಯಾವುದು, ಯಾರದು ಎಂಬ ವಿಚಾರಣೆಯಿಲ್ಲ. ನೀಲಗಿರಿ ತೋಪು, ಕಾಫಿ ತೋಟ, ಶೋಲಾ ಕಾಡು ಎಲ್ಲವೂ ಒಂದೇ ಮೊತ್ತಕ್ಕೆ ಸೇರುತ್ತವೆ. ಆ ನಕಾಶೆಗಳನ್ನು ಬಿಡಿಸಿದಾಗ ನಾನು ಮೊದಲು ಹುಡುಕುವುದು ದನ ಮೇಯುವ ಹುಲ್ಲುಗಾವಲನ್ನು. ಮಳೆಗಾಲದಲ್ಲಿ ಎಷ್ಟೇ ಹಸಿರಾಗಿರಲಿ, ಅದರ ಜಾಗ ‘ಅರಣ್ಯೇತರ’ ಎಂಬ ಕಾಲಂನಲ್ಲಿ.